ಮಂಡಕ್ಕಿ ಕಾಡಿನ ಪುಸ್ತಕ: ಹುಡುಕಾಟ ಎಲ್ಲಿಗೆ ಬಂತು

ಹೊಸದಾಗಿ ಓದೋರಿಗೆ ಹಿಂದಿನ ಕಥೆ ಚಿಕ್ಕದಾಗಿ ಹೇಳ್ಬಿಡ್ತೀನಿ. 1985ರ ಸುಮಾರಿಗೆ ದಾವಣಗೆರೆ ನಮ್ಮನೇಲಿ ಒಂದು ಬಣ್ಣದ ಚಿತ್ರದ ಪುಸ್ತಕ ಇತ್ತು, ನಂಗಾಗ ಐದಾರು ವರ್ಷ. ನೆನಪಿರೋದು ಇಷ್ಟೇ. ಕಾಡಲ್ಲಿ ಒಂದು ಚೀಲ ಬಿದ್ದಿರುತ್ತೆ, ಅದರೊಳಗೆ ಒಂದಾದ್ಮೇಲೆ ಒಂದು ಪ್ರಾಣಿ ಬಂದು ಸೇರ್ಕೊಳ್ತಾವೆ, ಎಲ್ಲಾ ಮನುಷ್ಯರ ಥರ ಬಟ್ಟೆ ಹಾಕಿರ್ತಾವೆ, ಚೀಲಕ್ಕೊಂದು ಕಿಟಕಿ, ಮತ್ತೆ ಕಾಡಿನ ನೆಲದ ತುಂಬ ಮಂಡಕ್ಕಿ ಹರವಿರುತ್ತೆ. ಹೌದು, ಮಂಡಕ್ಕಿನೇ. ಆರು ಪ್ರಾಣಿ ಅಂತ ಬೆರಳು ಎಣಿಸಿದ್ದು ಕೂಡ ನೆನಪಿದೆ.

ಈ ಮಂಡಕ್ಕಿ ಒಂದರಿಂದ ನಾನು ಕೆಟ್ಟೆ. ಮಂಡಕ್ಕಿ ಇದೆ ಅಂದ್ಮೇಲೆ ನಮ್ಮ ಕಡೆಯೋರೇ ಬರೆದಿರ್ಬೇಕು, ಬೆಂಗಳೂರಲ್ಲೋ ಧಾರವಾಡದಲ್ಲೋ ಪ್ರಿಂಟ್ ಆಗಿರ್ಬೇಕು ಅಂತ ನಂಬ್ಕೊಂಡು ನಾಲ್ಕು ತಿಂಗಳು ಅದೇ ದಾರೀಲಿ ಹೋದೆ. ಭಾರತ ಭಾರತಿ ಪುಸ್ತಕಗಳನ್ನ ನೋಡಿದೆ, ಅವು ಅಂಗೈ ಅಗಲದವು, ಮಹಾಪುರುಷರ ಜೀವನ ಚರಿತ್ರೆ, ನಂದು ಅಲ್ಲವೇ ಅಲ್ಲ. ನ್ಯಾಷನಲ್ ಬುಕ್ ಟ್ರಸ್ಟ್‌ನೋರ ನೆಹರೂ ಬಾಲ ಪುಸ್ತಕಾಲಯದ ಹಳೇದು ಸುಮಾರು ತಿರುವಿ ಹಾಕಿದೆ, ಚೆನ್ನಾಗಿವೆ, ಮಗಳಿಗೆ ಎರಡು ತಗೊಂಡೂ ಬಂದೆ, ಆದ್ರೆ ಚೀಲ ಎಲ್ಲೂ ಇಲ್ಲ. ಹಳೇ ಪುಸ್ತಕದಂಗಡಿಯೋರೊಬ್ರು ಅಂತೂ ನಾನು ಮಂಡಕ್ಕಿ ಅಂದ ತಕ್ಷಣ "ಸಾರ್, ಅದು ಮಂಡಿಪೇಟೇಲಿ ಸಿಗುತ್ತೆ" ಅಂದ್ರು. ನಗಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ.

ಜೂನ್, ಮೊದಲ ವಾರ

ಅಣ್ಣ ಹೊಸಪೇಟೆಯಿಂದ ಬಂದಿದ್ದ. ಸುಮ್ನೆ ಕೇಳಿದೆ, ಆ ಪುಸ್ತಕ ಮನೆಗೆ ಹೆಂಗ್ ಬಂತು ಅಂತ. "ಅಪ್ಪ ತಂದಿದ್ದು ಕಣಲೇ, ಯೂನಿಯನ್ ಸಭೆ ಹೊರಗೆ ಟೇಬಲ್ ಹಾಕಿ ಮಾರ್ತಿದ್ರಲ್ಲ" ಅಂದ. ಇಷ್ಟು ದಿನ ಇದನ್ನ ಯಾಕೋ ಕೇಳಿರ್ಲಿಲ್ಲ ನೋಡಿ! ಅಪ್ಪ ಕಾಟನ್ ಮಿಲ್ಲಲ್ಲಿದ್ರು, ಕೆಂಪು ಬಾವುಟದ ಯೂನಿಯನ್. ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರು 1978, 1983, 1985ರಲ್ಲಿ ಮೂರು ಸಲ ಇಲ್ಲಿಂದ ಗೆದ್ದಿದ್ದ ಕಾಲ ಅದು. ಆ ಥರದ ಟೇಬಲ್ ಮೇಲೆ ಇರ್ತಿದ್ದಿದ್ದು ಮಾಸ್ಕೋದಿಂದ ಬರ್ತಿದ್ದ ಪುಸ್ತಕಗಳು, ಪ್ರಗತಿ ಪ್ರಕಾಶನದ್ದು, 1982ರಿಂದ ಈಚೆಗಾದ್ರೆ ರಾದುಗದ್ದೂ. ರಾದುಗ ಅಂದ್ರೆ ರಷ್ಯನ್‌ನಲ್ಲಿ ಕಾಮನಬಿಲ್ಲು. ನಮ್ಮ ಕಡೆ ಇವನ್ನ ತರಿಸಿ ಮಾರ್ತಿದ್ದೋರು ನವಕರ್ನಾಟಕ. ದಪ್ಪ ಕಾಗದ, ದೊಡ್ಡ ಸೈಜು, ಬಣ್ಣ ಸುಲಭಕ್ಕೆ ಮಾಸ್ತಿರ್ಲಿಲ್ಲ, ರೇಟೂ ಕಮ್ಮಿ, 1991ರಲ್ಲಿ ಸೋವಿಯತ್ ಒಡೆದು ಹೋದ್ಮೇಲೆ ಆ ಸರಬರಾಜೂ ನಿಂತೋಯ್ತು.

ಅಂದ್ರೆ ನಾನು ರಷ್ಯಾದ ಪುಸ್ತಕವನ್ನ ಧಾರವಾಡದಲ್ಲಿ ಹುಡುಕ್ತಾ ಇದ್ದೆ.

ಅದಾಗಿ ಮೂರು ದಿನಕ್ಕೆ

ಸಿಕ್ತು! ಅಂದ್ರೆ ಪುಸ್ತಕ ಅಲ್ಲ, ಚಿತ್ರ. ಸೋವಿಯತ್ ಮಕ್ಕಳ ಪುಸ್ತಕಗಳನ್ನ ಪುಣ್ಯಾತ್ಮರು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಹಾಕಿದಾರೆ, ರಾತ್ರಿ ಹನ್ನೊಂದರಿಂದ ಕೂತು ಕವರ್‌ಗಳನ್ನ ಒಂದೊಂದಾಗಿ ಉರುಳಿಸ್ತಾ ಹೋದೆ, ಒಂದೂವರೆ ಹೊತ್ತಿಗೆ ಇಂಗ್ಲಿಷ್‌ದೊಂದು ಬಂತು ನೋಡಿ, ಕೂದಲು ನೆಟ್ಟಗಾಯ್ತು. ಅದೇ ಕಿಟಕಿ, ಅದೇ ಏಣಿ. ಉಕ್ರೇನಿನ ಜನಪದ ಕಥೆ, ಅಲ್ಲಿ ಅದನ್ನ ರುಕವಿಚ್ಕಾ ಅಂತಾರೆ, ಚಿತ್ರ ಯೆವ್ಗೆನಿ ರಾಚೆವ್ ಅವರದ್ದು. 1906ರಲ್ಲಿ ಹುಟ್ಟಿದೋರು, ಈ ಚಿತ್ರಗಳು 1951ರವು. ರುಕವಿಚ್ಕಾ ಅಂದ್ರೆ ಚೀಲ ಅಲ್ಲ, ಕೈಗವಸು! ಅಜ್ಜನೊಬ್ಬ ನಾಯಿ ಜೊತೆ ಕಾಡಲ್ಲಿ ಹೋಗ್ವಾಗ ಒಂದು ಕೈಗವಸು ಬೀಳಿಸ್ತಾನೆ. ಇಲಿ, ಕಪ್ಪೆ, ಮೊಲ, ನರಿ, ತೋಳ, ಕಾಡುಹಂದಿ, ಕೊನೆಗೆ ಕರಡಿ, ಎಲ್ಲಾ ಅದರೊಳಗೆ ಒತ್ಕೊಂಡು ಕೂರ್ತಾವೆ, ಪುಟದಿಂದ ಪುಟಕ್ಕೆ ಆ ಕೈಗವಸು ಏಣಿ, ಕಿಟಕಿ, ಹೊಗೆ ಕೊಳವೆ ಎಲ್ಲಾ ಬಂದು ಮನೆ ಆಗ್ತಾ ಹೋಗುತ್ತೆ. ಆಮೇಲೆ ನಾಯಿ ಬಂದು ಬೊಗಳುತ್ತೆ, ಎಲ್ಲಾ ದಿಕ್ಕಾಪಾಲು. ದಾವಣಗೆರೆ ಬಿಸಿಲಲ್ಲಿ ಬೆಳೆದ ನಾನು ಉಣ್ಣೆ ಕೈಗವಸು ಎಲ್ಲಿ ನೋಡಿರ್ಬೇಕು? ಹೆಬ್ಬೆರಳಿನ ಭಾಗ ಚೀಲಕ್ಕೆ ಹೊಲಿದ ಅಡುಗೆಮನೆ ಅಂದ್ಕೊಂಡಿದ್ದೆ.

ಮತ್ತೆ ಮಂಡಕ್ಕಿ? ಅದು ಹಿಮ.

ಭಾನುವಾರ

ಅವ್ವನಿಗೆ ಫೋನಲ್ಲಿ ತೋರಿಸ್ದೆ. ಅವಳು ಮೊರದಲ್ಲಿ ಮಂಡಕ್ಕಿ ಹಾಕ್ಕೊಂಡು ಕೇರ್ತಾ ಕೂತಿದ್ಲು (ಇದು ಸಿನಿಮಾ ಥರ ಕೇಳುತ್ತೆ ಗೊತ್ತು, ಆದ್ರೆ ನಮ್ಮನೇಲಿ ಭಾನುವಾರ ಸಂಜೆ ಅಂದ್ರೆ ಮಂಡಕ್ಕಿ ಮೆಣಸಿನಕಾಯಿನೇ, ಭಟ್ಟಿಲಿ ಬಿಸಿ ಮರಳಲ್ಲಿ ಹುರಿಯೋದ್ರಿಂದ ಒಂದೆರಡು ಹರಳು ಹಂಗೇ ಬರ್ತಾವೆ, ಕೇರದೆ ಬಾಯಿಗೆ ಹಾಕಂಗಿಲ್ಲ). ಕನ್ನಡಕ ಮೇಲೆತ್ತಿ ನೋಡಿದ್ಲು.

"ಹೂಂ, ಇದೇ. ಈ ಇಲಿ ನೆನಪೈತಿ."

"ಅವ್ವ, ಇದು ಹಿಮ ಅಂತೆ, ನೀನು ಮಂಡಕ್ಕಿ ಅಂದಿದ್ದೆ."

"ನಂಗೇನು ಗೊತ್ತಪ್ಪ, ಬೆಳ್ಳಗಿತ್ತು. ನೀನು ಒಂದ್ ತುತ್ತು ಉಣ್ಣಾಕೆ ಊರೆಲ್ಲಾ ಓಡಾಡಸ್ತಿದ್ದೆ. ಪುಟದ ಮ್ಯಾಲೆ ನಾಕು ಮಂಡಕ್ಕಿ ಉದುರ್ಸಿ, ಇಲಿಗೊಂದು ನಿಂಗೊಂದು ಅಂದ್ರೆ ಬಾಯಿ ತೆಗೀತಿದ್ದೆ."

ಅವ್ವ ಓದಿದ್ದು ಎರಡ್ನೇ ಕ್ಲಾಸು. ಕಥೆಯೆಲ್ಲಾ ಚಿತ್ರ ನೋಡಿ ಅವಳೇ ಕಟ್ಟಿದ್ದು. ಅವಳ ಕಥೇಲಿ ನಾಯಿ ಬೊಗಳೋದೇ ಇಲ್ಲ, ಅಜ್ಜ ವಾಪಸ್ ಬಂದು "ಇರ್ಲಿ ಬಿಡ್ರಪ್ಪಾ" ಅಂತ ಚೀಲ ಅವುಕ್ಕೇ ಬಿಟ್ಟು ಹೋಗ್ತಾನೆ. ನಿಜ ಹೇಳ್ಬೇಕಂದ್ರೆ ನಂಗೆ ಇದೇ ಇಷ್ಟ.

ಈಗ ಹೊಸ ತಲೆನೋವು. ಪುಸ್ತಕ ಕನ್ನಡದ್ದೇ ಆಗಿತ್ತಾ? ಅಣ್ಣ ಇಂಗ್ಲಿಷ್ ಅಂತಾನೆ, ನಾನಾಗ ಅಕ್ಷರ ಕಲಿತಿರ್ಲಿಲ್ಲ, ಅವ್ವ "ಅಕ್ಷರ ಯಾರು ನೋಡಿದ್ರು" ಅಂತಾಳೆ. ಸೋವಿಯತ್ ಪುಸ್ತಕಗಳಲ್ಲಿ ಪ್ರಕಾಶನದ ವಿವರ ಇರೋ ಪುಟದಲ್ಲಿ ಯಾವ ಭಾಷೆದು ಅಂತ ರಷ್ಯನ್‌ನಲ್ಲಿ ಹಾಕಿರ್ತಾರೆ, ಕನ್ನಡದ್ದಾದ್ರೆ "ನಾ ಯಜಿಕೆ ಕನ್ನಡ" ಅಂತ. ಅದನ್ನ ರಷ್ಯನ್ ಲಿಪೀಲೇ ಟೈಪ್ ಮಾಡಿ ಹುಡುಕೋಕೆ ಶುರು ಮಾಡಿದೀನಿ, ಬೇರೆ ಕನ್ನಡ ಪುಸ್ತಕ ಬರ್ತಾವೆ, ಇದಿನ್ನೂ ಬಂದಿಲ್ಲ.

ಇನ್ನೊಂದು. ಸ್ಕ್ಯಾನ್‌ನಲ್ಲಿ ಪ್ರಾಣಿ ಏಳು, ನನ್ನ ಲೆಕ್ಕ ಆರು. ಕಾಡುಹಂದಿ ನಂಗೆ ನೆನಪೇ ಇಲ್ಲ. ಅಣ್ಣನಿಗೆ ಫೋನ್ ಮಾಡಿ ಕೇಳಿದ್ರೆ ಆ ಕಡೆಯಿಂದ ಒಂದು ನಿಮಿಷ ಸದ್ದಿಲ್ಲ, ಆಮೇಲೆ "ಆ ಪುಟ ನಾನು ಹರಿದು ಸ್ಕೂಲಿಗೆ ತಗೊಂಡೋಗಿದ್ದೆ ಮಾರಾಯ" ಅಂದ. ನಲವತ್ತು ವರ್ಷ ಬಾಯಿ ಬಿಟ್ಟಿಲ್ಲ ಪುಣ್ಯಾತ್ಮ.

ಮಿಲ್ ಮುಚ್ಚಿ ನಾವು ಮನೆ ಬದಲಾಯಿಸೋವಾಗ ಪುಸ್ತಕ ರದ್ದಿಗೆ ಹೋಯ್ತು. ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆ ಯಾರ ಮನೆ ಅಟ್ಟದ ಮೇಲಾದ್ರೂ ಇಂಥದ್ದು ಕಂಡ್ರೆ ಸ್ವಲ್ಪ ತೆಗೆದು ನೋಡಿ. ಹಂದಿ ಪುಟ ಇಲ್ಲದೆ, ಇಲಿ ಪುಟದಲ್ಲಿ ಒಗ್ಗರಣೆ ಎಣ್ಣೆ ಕಲೆ ಇದ್ರೆ ಅದು ನಮ್ದೇ.