ಜರ್ಮನಿಯಲ್ಲಿ ಕೇಳಿದರೆ ಉಂಟು, ಕೇಳದಿದ್ದರೆ ಇಲ್ಲ

ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ಉದ್ಯೋಗಿಗಳಿಗೆ ಕೊಡುವ ಕೆಲಸದ ಪರವಾನಗಿ, ಹಿಡಿದು ಬೆಂಗಳೂರಿನಿಂದ ಜರ್ಮನಿಗೆ ಬರುವವರು ಸಂಬಳ, ಬಾಡಿಗೆ, ವಿಮೆ ಎಲ್ಲವನ್ನೂ ವಿಚಾರಿಸಿಕೊಂಡೇ ಬರುತ್ತಾರೆ. ವಿಚಾರಿಸದೆ ಬಿಡುವುದು ಇಲ್ಲಿನ ಕಾನೂನು ಸಂಬಳದಾರರಿಗೆ ಕೊಟ್ಟಿರುವ ಅನುಕೂಲಗಳನ್ನು. ಅಳುವ ಮಗುವಿಗೇ ಹಾಲು ಎನ್ನುತ್ತಾರಲ್ಲ, ಇಲ್ಲಿ ಅಳುವುದಕ್ಕೂ ಕೊನೆಯ ದಿನಾಂಕ ಇರುತ್ತದೆ. ಎಚ್‌ಆರ್ ನೆನಪಿಸುವುದಿಲ್ಲ, ತೆರಿಗೆ ಕಚೇರಿ ಕರೆದು ಹೇಳುವುದಿಲ್ಲ. ದಿನಾಂಕ ದಾಟಿದ ಮೇಲೆ ಕೇಳಿದರೆ ತುಂಬ ವಿನಯದಿಂದ ಇಲ್ಲ ಎನ್ನುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಲಾಭ ಇರುವುದು ಭಾಷೆಯಲ್ಲಿ. ಬ್ಲೂ ಕಾರ್ಡ್ ಇರುವವರು 27 ತಿಂಗಳು ಕೆಲಸ ಮಾಡಿ ಪಿಂಚಣಿ ವಂತಿಗೆ ಕಟ್ಟಿದ್ದರೆ, ಎ1 ಎಂಬ ಆರಂಭಿಕ ಮಟ್ಟದ ಜರ್ಮನ್‌ನೊಂದಿಗೆ ಕಾಯಂ ವಾಸದ ಪರವಾನಗಿ ಕೇಳಬಹುದು. ಬಿ1 ಎಂಬ ಮಧ್ಯಮ ಮಟ್ಟ ಇದ್ದರೆ 21 ತಿಂಗಳು ಸಾಕು. 2026ರ ಜನವರಿ 1ಕ್ಕೆ ಕೆಲಸಕ್ಕೆ ಸೇರಿದವರಿಗೆ ಬಿ1 ಇದ್ದರೆ 2027ರ ಸೆಪ್ಟೆಂಬರ್ ಕೊನೆಗೇ ಅವಧಿ ತುಂಬುತ್ತದೆ, ಇಲ್ಲದಿದ್ದರೆ 2028ರ ಮಾರ್ಚ್ ಕೊನೆಗೆ. ಕಾಯಂ ಪರವಾನಗಿ ಬಂದ ಮೇಲೆ ಕೆಲಸ ಹೋದರೆ ವೀಸಾ ಹೋಗುತ್ತದೆ ಎಂಬ ಭಯ ಇರುವುದಿಲ್ಲ. ಆ ಆರು ತಿಂಗಳ ಬೆಲೆ ಅಷ್ಟು.

ಇದರಲ್ಲಿ ಎಡವುವುದು ಎಲ್ಲಿ ಅಂದರೆ, 20ನೇ ತಿಂಗಳಲ್ಲಿ ಪರೀಕ್ಷೆಯ ಯೋಚನೆ ಶುರು ಮಾಡುವುದರಲ್ಲಿ. ಬಿ1 ಪ್ರಮಾಣಪತ್ರದ ಜೊತೆ ‘ಲೇಬೆನ್ ಇನ್ ಡಾಯ್ಚ್‌ಲಾಂಡ್’ (ಜರ್ಮನಿಯಲ್ಲಿ ಬದುಕು) ಎಂಬ, ಇಲ್ಲಿನ ಕಾನೂನು, ಸಮಾಜದ ಬಗೆಗಿನ ಪರೀಕ್ಷೆಯನ್ನೂ ಸಾಮಾನ್ಯವಾಗಿ ಕೇಳುತ್ತಾರೆ. 33 ಪ್ರಶ್ನೆ, 60 ನಿಮಿಷ. ಕಾಯಂ ಪರವಾನಗಿಗೆ 15 ಸರಿ ಉತ್ತರ ಸಾಕು. ಪೌರತ್ವಕ್ಕೂ ಇದೇ ಪರೀಕ್ಷೆ ಬಳಸಬೇಕಾದರೆ 17 ಬೇಕು, ಹಾಗಾಗಿ 17ರ ಮೇಲೇ ಕಣ್ಣಿಡುವುದು ಜಾಣತನ. ಪ್ರಶ್ನೆಗಳೆಲ್ಲ ಮೊದಲೇ ಪ್ರಕಟವಾಗಿರುವ 310ರ ಪಟ್ಟಿಯಿಂದಲೇ ಬರುತ್ತವೆ, ಕಷ್ಟ ಏನಿಲ್ಲ. ಆದರೆ ಫಲಿತಾಂಶದ ಪತ್ರ ಬರಲು ವಾರಗಟ್ಟಲೆ ಕಾಯಬೇಕು. ದೊಡ್ಡ ಊರುಗಳಲ್ಲಿ ವಿದೇಶಿಯರ ಕಚೇರಿಯಲ್ಲಿ ಸಮಯ ಸಿಗುವುದಕ್ಕೂ ತಿಂಗಳುಗಳು ಬೇಕಾಗುತ್ತವೆ. 15ನೇ ತಿಂಗಳಿಗೆ ಎರಡೂ ಪ್ರಮಾಣಪತ್ರ ಕೈಯಲ್ಲಿರುವ ಹಾಗೆ ಲೆಕ್ಕ ಹಾಕಿದರೆ ನೆಮ್ಮದಿ.

ಜರ್ಮನ್ ಭಾಷೆ ಕಲಿಸುವ ಗ್ಯೋಟೆ ಸಂಸ್ಥೆಯ ಬಿ1 ಪರೀಕ್ಷೆ ನಾಲ್ಕು ಭಾಗವಾಗಿದೆ: ಓದು, ಆಲಿಸುವಿಕೆ, ಬರವಣಿಗೆ, ಮಾತು. ಪ್ರತಿಯೊಂದರಲ್ಲೂ 100ಕ್ಕೆ 60 ಬರಬೇಕು. ಒಂದರಲ್ಲಿ ಬಿದ್ದರೆ ಅದೊಂದನ್ನೇ ಮತ್ತೆ ಬರೆಯಬಹುದು. ಆ ಸಂಸ್ಥೆಯದ್ದೇ ಆದ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೂ ಇದೇ ಪರೀಕ್ಷೆ ನಡೆಯುತ್ತದೆ. ವೀಸಾಗೆ ಕಾಯುವ ತಿಂಗಳುಗಳನ್ನು ಅಲ್ಲಿ ಎ2 ಮುಗಿಸಲು ಬಳಸಿಕೊಂಡವರಿಗೆ ಇಲ್ಲಿಗೆ ಬಂದ ಮೇಲೆ ಕೆಲಸ ಅರ್ಧವಾಗುತ್ತದೆ. ಆಫೀಸಿನಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಾರೆ, ಆಮೇಲೆ ಕಲಿತರಾಯಿತು ಎಂದುಕೊಂಡವರು ಮಾತ್ರ ಕಲಿಯುವುದೇ ಇಲ್ಲ.

ಕಲಿಯಲು ಸಮಯ ಎಲ್ಲಿ ಎಂಬುದಕ್ಕೆ ಕಾನೂನಿನಲ್ಲೇ ಒಂದು ಉತ್ತರ ಇದೆ. ಬಿಲ್ಡುಂಗ್ಸ್‌ಉರ್ಲೌಬ್, ಅಂದರೆ ಕಲಿಕೆಗೆಂದೇ ಕೊಡುವ ಸಂಬಳಸಹಿತ ರಜೆ. ಹೆಚ್ಚಿನ ರಾಜ್ಯಗಳಲ್ಲಿ ವರ್ಷಕ್ಕೆ 5 ದಿನ, ಮಾಮೂಲಿ ರಜೆಯ ಹೊರತಾಗಿ. ಸಂಬಳ ಕಂಪನಿಯದ್ದು, ಕೋರ್ಸಿನ ಶುಲ್ಕ ನಿಮ್ಮದು. ಮ್ಯೂನಿಕ್‌ಗೆ ಬಂದವರಿಗೆ ಇದರ ಭಾಗ್ಯ ಇಲ್ಲ, ಆ ಊರಿರುವ ಬವೇರಿಯಾ ರಾಜ್ಯದಲ್ಲಿ ಇಂಥ ಕಾನೂನೇ ಇಲ್ಲ. ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಲೆಕ್ಕಕ್ಕೆ ಬರುವುದು ಮನೆ ಇರುವ ರಾಜ್ಯವಲ್ಲ, ಕೆಲಸದ ಜಾಗ ಇರುವ ರಾಜ್ಯ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯೂರ್ಟೆಂಬೆರ್ಗ್‌ನಲ್ಲಿ 12 ತಿಂಗಳ ಸೇವೆ ಆಗಿರಬೇಕು, ಅರ್ಜಿ 9 ವಾರ ಮೊದಲೇ ಹೋಗಬೇಕು, ಹತ್ತಕ್ಕಿಂತ ಕಡಿಮೆ ಜನರಿರುವ ಕಂಪನಿಯಲ್ಲಿ ಹಕ್ಕು ಇಲ್ಲ. ಡ್ಯೂಸೆಲ್‌ಡಾರ್ಫ್, ಕೊಲೋನ್ ಕಡೆ ಆರು ತಿಂಗಳ ಸೇವೆ, 6 ವಾರದ ಮುಂಗಡ.

ಅರ್ಜಿ ಲಿಖಿತವಾಗಿರಲಿ: ಕೋರ್ಸಿನ ಹೆಸರು, ದಿನಾಂಕ, ವೇಳಾಪಟ್ಟಿ, ಜೊತೆಗೆ ಆ ಕೋರ್ಸಿಗೆ ನಿಮ್ಮ ರಾಜ್ಯದಲ್ಲಿ ಸಿಕ್ಕಿರುವ ಮಾನ್ಯತೆಯ ಪತ್ರ. ಅರ್ಜಿ ತಿರಸ್ಕಾರವಾಗುವುದು ಹೆಚ್ಚಾಗಿ ಈ ಕೊನೆಯದರಲ್ಲೇ. ಊರಿನ ಫೋಲ್ಕ್ಸ್‌ಹೋಖ್‌ಶೂಲೆಯ (ದೊಡ್ಡವರ ಕಲಿಕಾ ಕೇಂದ್ರದ) ಸಂಜೆ ತರಗತಿ ಎಷ್ಟೇ ಚೆನ್ನಾಗಿದ್ದರೂ ಇದಕ್ಕೆ ನಡೆಯುವುದಿಲ್ಲ. ಇಡೀ ದಿನ ನಡೆಯುವ, ಮಾನ್ಯತೆ ಪಡೆದ ಕೋರ್ಸೇ ಬೇಕು. ಕೆಲಸದ ತುರ್ತು ಅಂತ ಕಂಪನಿ ನಿರಾಕರಿಸಬಹುದು. ಆದ್ದರಿಂದ ಪ್ರಾಜೆಕ್ಟ್ ಬಿಡುಗಡೆಯ ವಾರ, ಆಗಸ್ಟ್‌ನ ರಜಾಕಾಲ ಬಿಟ್ಟು ದಿನ ಹುಡುಕಿ, ಶುಲ್ಕ ಕಟ್ಟುವ ಮೊದಲು ಒಪ್ಪಿಗೆ ಪಡೆಯಿರಿ.

ಐದು ದಿನದಲ್ಲಿ ಬಿ1 ಬರುತ್ತದೆಯೇ? ಬರುವುದಿಲ್ಲ. ಸರ್ಕಾರದ ಇಂಟಿಗ್ರೇಷನ್ ಕೋರ್ಸಿನಲ್ಲಿ ಸೊನ್ನೆಯಿಂದ ಬಿ1ಗೆ ಇಟ್ಟಿರುವುದು 600 ಪಾಠದ ಅವಧಿ. ದಿನಕ್ಕೆ ಆರರಂತೆ ಐದು ದಿನಕ್ಕೆ 30. ಹಾಗಾಗಿ ಈ ರಜೆಯನ್ನು ಅ ಆ ಇ ಈ ಕಲಿಯಲು ಖರ್ಚು ಮಾಡಬೇಡಿ. ಪರೀಕ್ಷೆಗೆ ಎರಡು ಮೂರು ವಾರ ಇರುವಾಗ, ದುರ್ಬಲವಾಗಿರುವ ಭಾಗಕ್ಕೆ ಬಳಸಿ. ನಮ್ಮವರಿಗೆ ವ್ಯಾಕರಣ ಅಷ್ಟಾಗಿ ತೊಡಕಾಗುವುದಿಲ್ಲ, ಸಿಕ್ಕಿಬೀಳುವುದು ಆಲಿಸುವಿಕೆಯಲ್ಲಿ.

ಇನ್ನು ತೆರಿಗೆ. ವರ್ಷದ ನಡುವೆ ಬಂದವರಿಗೆ ಮರುಪಾವತಿ ಸಿಗುವ ಸಂಭವ ಹೆಚ್ಚು. ತಿಂಗಳ ತೆರಿಗೆಯನ್ನು ಹಿಡಿಯುವಾಗ ವರ್ಷಪೂರ್ತಿ ಅದೇ ಸಂಬಳ ಬರುತ್ತದೆ ಎಂದು ಲೆಕ್ಕ ಹಾಕುತ್ತಾರೆ, ಸೆಪ್ಟೆಂಬರ್‌ನಲ್ಲಿ ಬಂದಿದ್ದರೆ ನಿಮಗೆ ಸಿಕ್ಕಿರುವುದು ನಾಲ್ಕೇ ತಿಂಗಳದ್ದು. ಸ್ವಇಚ್ಛೆಯಿಂದ ಸಲ್ಲಿಸುವ ತೆರಿಗೆ ಲೆಕ್ಕಪತ್ರಕ್ಕೆ ನಾಲ್ಕು ವರ್ಷ ಅವಕಾಶ. 2022ರದ್ದಕ್ಕೆ 2026ರ ಡಿಸೆಂಬರ್ 31 ಕೊನೆ. ಆದರೆ ಅದೇ ವರ್ಷ ಭಾರತದಲ್ಲಿ ದುಡಿದ ಸಂಬಳವನ್ನೂ ತೋರಿಸಬೇಕು. ಅದಕ್ಕೆ ಇಲ್ಲಿ ತೆರಿಗೆ ಬೀಳುವುದಿಲ್ಲ, ಇಲ್ಲಿನ ಸಂಬಳಕ್ಕೆ ಬೀಳುವ ದರ ಏರುತ್ತದೆ. ಆ ಆದಾಯ 410 ಯೂರೋ ದಾಟಿದರೆ ಲೆಕ್ಕಪತ್ರ ಕಡ್ಡಾಯವಾಗುತ್ತದೆ, ನಾಲ್ಕು ವರ್ಷದ ಸಾವಕಾಶ ಇರುವುದಿಲ್ಲ. ಮುಂದಿನ ವರ್ಷದ ಜುಲೈ 31ರೊಳಗೆ ಕೊಡಬೇಕು.

ಇಲ್ಲಿ ಒಂದು ಸಣ್ಣ ಕೀಟಲೆ ಇದೆ. ನಮ್ಮ ಹಣಕಾಸು ವರ್ಷ ಏಪ್ರಿಲ್‌ಗೆ ಶುರು, ಇವರದ್ದು ಜನವರಿಗೆ. ಸೆಪ್ಟೆಂಬರ್‌ನಲ್ಲಿ ಬಂದವರಿಗೆ ಜನವರಿಯಿಂದ ಆಗಸ್ಟ್‌ವರೆಗಿನ ಲೆಕ್ಕ ಬೇಕು. ಅದು ಎರಡು ಫಾರ್ಮ್ 16ಗಳಲ್ಲಿ ಹರಿದು ಹಂಚಿರುತ್ತದೆ. ಹಳೆಯ ಕಂಪನಿಯ ಲಾಗಿನ್ ಮುಚ್ಚುವ ಮೊದಲೇ ಆ ಎಂಟು ತಿಂಗಳ ಪೇಸ್ಲಿಪ್ ಇಳಿಸಿಟ್ಟುಕೊಳ್ಳಿ. ವಿಮಾನದ ಟಿಕೆಟ್, ಸಾಮಾನು ಸಾಗಣೆಯ ರಸೀದಿಗಳನ್ನೂ ಇಟ್ಟುಕೊಳ್ಳಿ, ಆದರೆ ಕೆಲಸದ ಖರ್ಚಿಗೆಂದು 1,230 ಯೂರೋ ಹೇಗಿದ್ದರೂ ತಾನಾಗಿ ಕಳೆಯುತ್ತಾರೆ. ಒಟ್ಟು ಅದನ್ನು ಮೀರಿದರೆ ಮಾತ್ರ ರಸೀದಿಗೆ ಬೆಲೆ. ಮನೆಯಿಂದ ಕೆಲಸ ಮಾಡಿದ ದಿನಕ್ಕೆ 6 ಯೂರೋದಂತೆ 210 ದಿನದವರೆಗೆ ಸೇರಿಸಬಹುದು, ಅದೊಂದರಿಂದಲೇ ಗಡಿ ದಾಟುವವರಿದ್ದಾರೆ. ಲೆಕ್ಕಪತ್ರ ಸಲ್ಲಿಸುವ ಎಲ್ಸ್ಟರ್ ಎಂಬ ಸರ್ಕಾರಿ ಜಾಲತಾಣದಲ್ಲಿ ಖಾತೆ ತೆರೆದರೆ ಅದನ್ನು ಬಳಸಲು ಬೇಕಾದ ಸಂಕೇತ ಅಂಚೆಯಲ್ಲಿ ಬರುತ್ತದೆ. ಜುಲೈ 30ಕ್ಕೆ ತೆರೆದು ಪ್ರಯೋಜನ ಇಲ್ಲ.

ಊರಿನಲ್ಲಿ ಅಪ್ಪ ಅಮ್ಮನ ಖರ್ಚು ನೋಡಿಕೊಳ್ಳುವವರಿಗೂ ತೆರಿಗೆಯಲ್ಲಿ ರಿಯಾಯಿತಿ ಉಂಟು. ಅವರಿಗೆ ಬೇರೆ ಆದಾಯ ಸಾಲದಿರಬೇಕು, ಸ್ವಂತ ವಾಸದ ಮನೆ ಬಿಟ್ಟು ಆಸ್ತಿ 15,500 ಯೂರೋ ಮೀರಿರಬಾರದು. 2025ರಿಂದ ನಗದು ನಡೆಯುವುದಿಲ್ಲ, ಹಣ ಅವರ ಖಾತೆಗೇ ಬ್ಯಾಂಕ್ ಮೂಲಕ ಹೋಗಿರಬೇಕು. ಅಣ್ಣನ ಖಾತೆಗೆ ಹಾಕಿ ಅವನು ಅಮ್ಮನ ಕೈಗೆ ಕೊಡುವ ನಮ್ಮ ಪದ್ಧತಿ ಇಲ್ಲಿ ಕೆಲಸಕ್ಕೆ ಬಾರದು. ಡಿಸೆಂಬರ್‌ನಲ್ಲಿ ಒಟ್ಟಿಗೆ ಕಳಿಸಿದರೆ ಹಿಂದಿನ ಹನ್ನೊಂದು ತಿಂಗಳಿಗೆ ಅನ್ವಯಿಸುವುದೂ ಇಲ್ಲ. ಜನವರಿಯಿಂದಲೇ ಕಂತಿನಲ್ಲಿ ಕಳಿಸಿ. ಇದರ ಜೊತೆ ಊರಿನ ಅಧಿಕಾರಿಯಿಂದ ದೃಢೀಕರಿಸಿದ ಒಂದು ಫಾರ್ಮ್ ಬೇಕಾಗುತ್ತದೆ. ರಜೆಗೆ ಹೋದಾಗಲೇ ಅದನ್ನು ಮಾಡಿಸಿಕೊಂಡು ಬನ್ನಿ.