ರಾಗಿ ಸೇರಿಸಿದ ಲಾಗರ್ ವರ್ಟ್: ಪಾರ್ಷಿಯಲ್ ಮ್ಯಾಷ್ ಎಲ್ಲಿಗೆ ಬಂತು

ಈ ಸಲದ ಮ್ಯಾಷ್‌ನಲ್ಲಿ, ಅಂದರೆ ಬೀಸಿದ ಕಾಳನ್ನು ಬಿಸಿನೀರಿನಲ್ಲಿಟ್ಟು ಪಿಷ್ಟವನ್ನು ಸಕ್ಕರೆಯಾಗಿಸುವ ಹಂತದಲ್ಲಿ, ರಾಗಿಯ ಪಾಲನ್ನು ಕಾಳಿನ ತೂಕದ ಶೇಕಡಾ 40ಕ್ಕೆ ಏರಿಸಿದ್ದೇನೆ, ಅದರ ಪಿಷ್ಟವೆಲ್ಲ ಸಕ್ಕರೆಯಾಗಿ ಮಾರ್ಪಟ್ಟಿದೆ. ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ತಿಳಿ ಲಾಗರ್ ಬಿಯರ್‌ಗೆ ಬೇಕಾದ ವರ್ಟ್ ಅನ್ನು, ಅಂದರೆ ಹಾಪ್ಸ್ ಎಂಬ ಕಹಿ ಹೂಗಳನ್ನು ಹಾಕಿ ಕುದಿಸಿದ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಕಾಳಿನ) ಸಿಹಿ ರಸವನ್ನು, ಮನೆಯಲ್ಲೇ ತಯಾರಿಸಿ, ಯೀಸ್ಟ್ ಹಾಕದೆ, ತಣ್ಣನೆಯ ಸೋಡಾದೊಂದಿಗೆ ಬೆರೆಸಿ ಕುಡಿಯುವುದು ನನ್ನ ಯೋಜನೆ. ತಮಿಳುನಾಡಿನಲ್ಲಿ 1937ರ ಮದ್ಯನಿಷೇಧ ಕಾಯ್ದೆ ಜಾರಿಯಲ್ಲಿರುವುದರಿಂದ ಪರವಾನಗಿಯಿಲ್ಲದೆ ಬಿಯರ್ ಹುದುಗಿಸುವಂತಿಲ್ಲ; ಹೊಸೂರಿನ ನನ್ನ ಅಡುಗೆಮನೆಯ ಕೆಲಸ ವರ್ಟ್‌ಗೇ ನಿಲ್ಲುತ್ತದೆ. ಅದರಿಂದ ನನಗೆ ಬೇಸರವಿಲ್ಲ, ಏಕೆಂದರೆ ನನ್ನ ಕುತೂಹಲವೆಲ್ಲ ಇರುವುದು ಮ್ಯಾಷ್‌ನಲ್ಲಿ.

ಪಾರ್ಷಿಯಲ್ ಮ್ಯಾಷ್ ಎಂದರೆ ಸಕ್ಕರೆಯ ಒಂದು ಭಾಗವನ್ನು ಸಿದ್ಧ ಮಾಲ್ಟ್ ಎಕ್ಸ್‌ಟ್ರಾಕ್ಟ್‌ನಿಂದಲೂ ಉಳಿದದ್ದನ್ನು ಕಾಳಿನಿಂದಲೂ ಪಡೆಯುವ ವಿಧಾನ. ಐದು ಲೀಟರ್ ವರ್ಟ್‌ಗೆ 500 ಗ್ರಾಂ ತಿಳಿಬಣ್ಣದ ಎಕ್ಸ್‌ಟ್ರಾಕ್ಟ್ ಪುಡಿ, 600 ಗ್ರಾಂ ಬಾರ್ಲಿ ಮಾಲ್ಟ್, 400 ಗ್ರಾಂ ರಾಗಿ ಮಾಲ್ಟ್ ತೆಗೆದುಕೊಂಡೆ.

ಬಾರ್ಲಿ ಮಾಲ್ಟ್ ಕೊಂಡು ತಂದದ್ದು. ರಾಗಿಯದನ್ನು ನಾನೇ ಮಾಡಿದೆ. ಡೆಂಕಣಿಕೋಟೆ ಕಡೆಯ ಹೊಸ ರಾಗಿಯನ್ನು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಒದ್ದೆ ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ, ಬಿಳಿ ಬೇರು ಕಾಳಿನ ಎರಡರಷ್ಟು ಉದ್ದವಾಗುವವರೆಗೆ ಬಿಟ್ಟೆ. ಆಮೇಲೆ ನೆರಳಿನಲ್ಲಿ ಗಾಳಿಗೆ ಒಣಗಿಸಿ, ಕೈಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ ಬೇರುಗಳನ್ನು ತೆಗೆದೆ. ನಮ್ಮ ಮನೆಗಳಲ್ಲಿ ಮಕ್ಕಳ ಸರಿಗೆ ಮೊಳಕೆ ರಾಗಿಯನ್ನು ಘಮ ಬರುವಂತೆ ಹುರಿಯುವುದು ರೂಢಿ. ಮ್ಯಾಷ್‌ಗೆ ಮಾತ್ರ ಹುರಿಯಲೇಬಾರದು. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವಗಳು ಬಾಣಲೆಯ ಕಾವಿಗೆ ಸತ್ತುಹೋಗುತ್ತವೆ. ಮೊಳಕೆ ರಾಗಿಯ ಗಂಜಿ ಸಾದಾ ರಾಗಿ ಗಂಜಿಗಿಂತ ತೆಳ್ಳಗಾಗುವುದನ್ನು ಅಮ್ಮಂದಿರೆಲ್ಲ ಬಲ್ಲರು; ಅದು ಇದೇ ಕಿಣ್ವಗಳ ಕೆಲಸ.

ರಾಗಿಯ ಪಿಷ್ಟ ಬೇಯಲು ಬಾರ್ಲಿಯದಕ್ಕಿಂತ ಹೆಚ್ಚಿನ ಕಾವು ಬೇಕು, ಬಾರ್ಲಿಯ ಬೀಟಾ ಅಮೈಲೇಸ್ ಆದರೋ 60ರಿಂದ 65 ಡಿಗ್ರಿಯೊಳಗೆ ಚೆನ್ನಾಗಿ ದುಡಿದು, ಅದಕ್ಕಿಂತ ಮೇಲೆ ಹೋದರೆ ಬೇಗ ನಶಿಸುತ್ತದೆ. ಎರಡನ್ನೂ ಒಟ್ಟಿಗೆ ಹಾಕಿದರೆ ಯಾವುದಾದರೊಂದಕ್ಕೆ ಅನ್ಯಾಯವಾಗುತ್ತದೆಂದು ತರಿತರಿಯಾಗಿ ಬೀಸಿದ ರಾಗಿಯನ್ನು ಮೊದಲು ಒಂದೂವರೆ ಲೀಟರ್ ನೀರಿನಲ್ಲಿ ನಿಧಾನವಾಗಿ 78 ಡಿಗ್ರಿಯವರೆಗೆ ಕಾಯಿಸಿದೆ. ಗಟ್ಟಿ ಅಂಬಲಿಯಾಗುತ್ತ ಬಂದದ್ದು 70 ಡಿಗ್ರಿಯ ಸುಮಾರಿಗೆ ಸೌಟಿನಿಂದ ಸರಾಗವಾಗಿ ಇಳಿಯತೊಡಗಿತು. ನಂತರ ಬಾರ್ಲಿ ಮಾಲ್ಟನ್ನೂ ಇನ್ನಷ್ಟು ನೀರನ್ನೂ ಸೇರಿಸಿ 65 ಡಿಗ್ರಿಗೆ ತಂದು, ಪಾತ್ರೆಗೆ ಕಂಬಳಿ ಸುತ್ತಿ ಒಂದು ಗಂಟೆ ಇಟ್ಟೆ. ಅರ್ಧ ಗಂಟೆಯಲ್ಲಿ ಬಿಳಿ ತಟ್ಟೆಯ ಮೇಲೆ ಒಂದು ತೊಟ್ಟು ರಸಕ್ಕೆ ಅಯೋಡಿನ್ ಬಿಟ್ಟಾಗ ಅಂಚಿನಲ್ಲಿ ನೀಲಿಗಪ್ಪು ಇಣುಕಿತು; ಪಿಷ್ಟ ಇನ್ನೂ ಉಳಿದಿದೆ ಎಂಬುದರ ಗುರುತು ಅದು. ಗಂಟೆ ತುಂಬಿದ ಮೇಲೆ ಅಯೋಡಿನ್ ತನ್ನ ಕಂದು ಹಳದಿಯಲ್ಲೇ ಉಳಿಯಿತು.

ಸೋಸುವಾಗ ಬಾರ್ಲಿಯ ಬೆಲೆ ಮತ್ತೊಮ್ಮೆ ತಿಳಿಯುತ್ತದೆ. ರಾಗಿಗೆ ಬಾರ್ಲಿಯಂತಹ ಒರಟು ಹೊಟ್ಟಿಲ್ಲ. ಅದೊಂದೇ ಇದ್ದರೆ ಬಟ್ಟೆ ಕಟ್ಟಿಕೊಂಡು ರಸ ಇಳಿಯುವುದೇ ಇಲ್ಲ. ಬಾರ್ಲಿಯ ಹೊಟ್ಟು ತಳದಲ್ಲಿ ಪದರವಾಗಿ ನಿಂತು ತಾನೇ ಜರಡಿಯಾಗುತ್ತದೆ. ಹಾಗಾಗಿ ರಾಗಿಯನ್ನು ಅರ್ಧಕ್ಕಿಂತ ಮೇಲೆ ಒಯ್ಯುವ ಆಸೆ ನನಗಿಲ್ಲ.

ನೀರಿನ ವಿಷಯವನ್ನೂ ಹೇಳಬೇಕು. 1842ರಲ್ಲಿ ಪಿಲ್ಸೆನ್ ಊರಿನಲ್ಲಿ ಯೋಸೆಫ್ ಗ್ರೋಲ್ ಹೊಂಬಣ್ಣದ ಲಾಗರ್ ತಯಾರಿಸಿದ್ದರ ಹಿಂದೆ ಅಲ್ಲಿನ ಮೆದು ನೀರಿನ ಪಾಲು ದೊಡ್ಡದು. ನಮ್ಮ ಕೊಳವೆಬಾವಿಯ ನೀರು ಪಾತ್ರೆಯಲ್ಲಿ ಬಿಳಿ ಕರೆ ಕಟ್ಟಿಸುವಷ್ಟು ಗಡಸು. ಅಂಥ ನೀರು ಮ್ಯಾಷ್‌ನ ಹುಳಿಯ ಅಂಶವನ್ನು ತಗ್ಗಿಸಿ ಕಿಣ್ವಗಳನ್ನು ಮಂದವಾಗಿಸುವುದರಿಂದ ಮುಕ್ಕಾಲು ಪಾಲು ಆರ್‌ಓ ನೀರನ್ನೇ ಬಳಸಿದೆ.

ಎಕ್ಸ್‌ಟ್ರಾಕ್ಟ್ ಕರಗಿಸಿ ಒಲೆಗಿಟ್ಟ ಸ್ವಲ್ಪ ಹೊತ್ತಿಗೆ ಪ್ರೋಟೀನು ಒಡೆದ ಹಾಲಿನಂತೆ ಚೂರುಚೂರಾಗಿ ಬೇರ್ಪಟ್ಟು ನಡುವೆ ತಿಳಿರಸ ಕಂಡಿತು. ಜೆಕ್ ನಾಡಿನ ಸಾಜ್ ಹಾಪ್ಸ್ ಹತ್ತು ಗ್ರಾಂ ಹಾಕಿ ಮುಕ್ಕಾಲು ಗಂಟೆ ಕುದಿಸಿದೆ. ಹೊಸೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ, ಹಾಪ್ಸ್‌ನ ಕಹಿ ಕೊಂಚ ನಿಧಾನವಾಗಿ ಬಿಡುತ್ತದೆ. ಕರಾವಳಿಯವರು ಸಮಯವನ್ನು ತುಸು ಕಡಿಮೆ ಮಾಡಿಕೊಳ್ಳಬಹುದು.

ಪಾತ್ರೆಯನ್ನು ಐಸ್ ನೀರಿನಲ್ಲಿಟ್ಟು ಆರಿಸಿದ ಮೇಲೆ ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ 1.070 ತೋರಿಸಿತು (ಬರೀ ನೀರಿನದು 1.000). ಸಮಪ್ರಮಾಣದ ಸೋಡಾ ಬೆರೆಸಿದರೆ ಅದು ತಿಳಿ ಲಾಗರ್ ವರ್ಟ್‌ನ ಸಾಂದ್ರತೆಗಿಂತ ತುಸು ಕೆಳಗೆ, 1.035ರ ಹತ್ತಿರ ನಿಲ್ಲುತ್ತದೆ. ಮೊದಲು ಬ್ರೆಡ್ಡಿನ ಸಿಹಿ, ಹಿಂದೆಯೇ ರಾಗಿಯ ಮಣ್ಣಿನ ಘಮ, ಕೊನೆಗೆ ನಾಲಿಗೆಯ ಹಿಂಬದಿಯಲ್ಲಿ ಹಾಪ್ಸ್‌ನ ಮೆದುವಾದ ಕಹಿ: ಬರೀ ಬಾರ್ಲಿಯ ವರ್ಟ್‌ಗಿಂತ ಇದು ನನಗೆ ಹೆಚ್ಚು ಹಿಡಿಸಿತು.

ಯೀಸ್ಟ್ ಹಾಕದ ವರ್ಟ್ ಬಹಳ ಬೇಗ ಕೆಡುತ್ತದೆ. ಗಾಳಿಯ ಕಾಡು ಯೀಸ್ಟ್ ಸೇರಿ ತಾನಾಗಿಯೇ ಹುದುಗಿದರೆ ಬಿಗಿಮುಚ್ಚಳದ ಬಾಟಲಿ ಒಡೆಯಲೂಬಹುದು. ಆದ್ದರಿಂದ ಎರಡು ದಿನಕ್ಕೆ ಬೇಕಾದಷ್ಟನ್ನು ಫ್ರಿಜ್‌ನ ತಳದಲ್ಲಿಟ್ಟು, ಮಿಕ್ಕದ್ದನ್ನು ಸಣ್ಣ ಡಬ್ಬಿಗಳಲ್ಲಿ ಫ್ರೀಜರ್‌ಗೆ ಹಾಕಿದ್ದೇನೆ. ಮುಂದಿನ ಸಲ ಅಳತೆಗಳನ್ನು ಹೀಗೆಯೇ ಇಟ್ಟುಕೊಂಡು, ರಾಗಿಯನ್ನು ಇನ್ನೊಂದು ದಿನ ಹೆಚ್ಚು ಮೊಳೆಯಿಸಿದರೆ ಅಯೋಡಿನ್‌ನ ನೀಲಿ ಎಷ್ಟು ಬೇಗ ಮಾಯವಾಗುತ್ತದೆಂದು ನೋಡುತ್ತೇನೆ.