ಮುಂದಿನ ಟೈರ್ ಬಸ್ಟ್ ಆದಾಗ ಬ್ರೇಕ್ ಮುಟ್ಟಬ್ಯಾಡ್ರಿ

ಲೋಡ್ ಗಾಡಿ ಮುಂದಿನ ಟೈರ್ ಬಸ್ಟ್ ಆತು ಅಂದ್ರ ಕಾಲು ಮೊದ್ಲು ಎಲ್ಲಿಗೆ ಹೋಗತೈತಿ? ಬ್ರೇಕಿಗೆ. ಎಲ್ಲಾರದೂ ಅಲ್ಲಿಗೇ ಹೋಗತೈತಿ, ಗಾಡಿ ಪಲ್ಟಿ ಆಗೋದೂ ಭಾಳ ಸಲ ಅದಕ್ಕ. ಗಂಗಾವತಿ, ಕಾರಟಗಿ ಕಡೆ ಅಕ್ಕಿ ಲೋಡ್ ಹೊಡ್ಯಾಕ ಹೊಸದಾಗಿ ಬಂದ ಹುಡುಗ್ರಿಗೆ ನಾ ಹೇಳೋದು ಇದೊಂದೇ, ಢಮ್ ಅಂದ ಕೂಡ್ಲೇ ಬ್ರೇಕ್ ಮುಟ್ಟಬ್ಯಾಡ್ರಪಾ.

ಎಡಗಡೆದು ಒಡದ್ರ ಗಾಡಿ ಎಡಕ್ಕ ಎಳೀತೈತಿ, ಅಲ್ಲಿ ಗದ್ದಿನೋ ಕಾಲುವಿನೋ ಇರತೈತಿ, ಬಲಗಡೆದು ಒಡದ್ರ ಎದುರು ಬರೋ ಬಸ್ಸಿನ ಕಡೆ. ಆಗ ಬ್ರೇಕ್ ತುಳದ್ರ ಲೋಡಿನ ಭಾರ ಎಲ್ಲಾ ಮುಂದ ಬಂದು ಅದೇ ಒಡದ ಗಾಲಿ ಮ್ಯಾಲೆ ಕುಂದರತೈತಿ, ಎಳೆತ ಇನ್ನೂ ಜೋರಾಗತೈತಿ, ಹೆದರಿ ಸ್ಟೇರಿಂಗ್ ಒಮ್ಮೆಲೇ ಎಳೆತದ ವಿರುದ್ಧ ದಿಕ್ಕಿಗೆ ಜಗ್ಗಿದ್ರಂತೂ ಮುಗೀತು, ಚೀಲ ಎತ್ತರಕ್ಕ ಏರಿಸಿದ ಗಾಡಿ ಮಗ್ಗಲಾಗಾಕ ಎಷ್ಟೊತ್ತು ಬೇಕು. ಅದಕ್ಕ ಎರಡೂ ಕೈಲಿ ಸ್ಟೇರಿಂಗ್ ಗಟ್ಟಿ ಹಿಡೀರಿ, ಎಕ್ಸಲೇಟರ್ ಒಮ್ಮೆಲೇ ಬಿಡಬ್ಯಾಡ್ರಿ, ಬೇಕಾದ್ರ ಒಂದು ಕ್ಷಣ ಇನ್ನೊಂಚೂರು ತುಳೀರಿ. ಕೇಳಿದ್ರ ಹುಚ್ಚು ಮಾತು ಅನಸ್ತೈತಿ, ಆದ್ರ ಇಂಜಿನ್ ಮುಂದಕ್ಕ ದಬ್ಬಿದಷ್ಟೂ ಗಾಡಿ ನೆಟ್ಟಗ ಹೋಗತೈತಿ. ಲೈನಿಗೆ ಬಂತು ಅನ್ನಿಸಿದ ಮ್ಯಾಲೆ ಮೆಲ್ಲಕ ಕಾಲು ತೆಗೀರಿ, ಎಕ್ಸಾಸ್ಟ್ ಬ್ರೇಕೂ (ಇಂಜಿನ್ ಹೊಗಿ ತಡದು ಸ್ಪೀಡ್ ಇಳಸೋದು) ಹಾಕಬ್ಯಾಡ್ರಿ, ಸ್ಪೀಡ್ ತಾನಾಗೇ ಇಳೀಲಿ, ಪೂರ್ತಿ ನಿಧಾನ ಆದಮ್ಯಾಲೆ ಬ್ರೇಕ್ ಹಗೂರಕ ಒತ್ತಿ ಸೈಡಿಗೆ ಹಾಕ್ರಿ. ಪವರ್ ಸ್ಟೇರಿಂಗ್ ಬಂದಮ್ಯಾಲೆ ಒಂದ ಕೈಲಿ ಹೊಡಿಯೋ ಚಟ ಬೆಳದೈತಿ, ಇನ್ನೊಂದ ಕೈಯಾಗ ಮೊಬೈಲು. ಅಂಥವ್ರಿಗೆ ಇದ್ಯಾವ್ದೂ ಉಪಯೋಗಿಲ್ಲ.

ಹಿಂದಿನ ಜೋಡಿ ಟೈರಿನ್ಯಾಗ ಒಂದು ಹೋದ್ರ ಇಷ್ಟು ಗದ್ಲ ಇರಂಗಿಲ್ಲ, ಗೊತ್ತೇ ಆಗಂಗಿಲ್ಲ ಒಮ್ಮೊಮ್ಮೆ, ಅದೇ ತೊಂದ್ರಿ. ಒಳಗಿಂದು ಹವಾ ಬಿಟ್ಟು ಕುಂತಿರತೈತಿ, ಪಕ್ಕದ್ದು ಎರಡರ ಭಾರ ಹೊತ್ತು ಕಾದು ಕಾದು ಅದೂ ಒಡೀತೈತಿ, ಇಲ್ಲಾ ತಿಕ್ಕಾಡಿ ಬೆಂಕಿ ಹತ್ತತೈತಿ. ರಿಸೋಲ್ ಟೈರ್ ಅಂದ್ರ ಸವದ ಟೈರಿಗೆ ಹೊಸಾ ರಬ್ಬರ್ ಪಟ್ಟಿ ಅಂಟಿಸಿದ್ದು, ಆ ಪಟ್ಟಿ ಕಿತ್ತು ಬಂದ್ರ ಚಾಟಿ ಹೊಡದಂಗ ಹೊಡದು ಬ್ರೇಕಿನ ಏರ್ ಪೈಪ್ ಕಟ್ ಮಾಡಿದ್ದೂ ಉಂಟು. ಕ್ಲೀನರ್ ಹುಡುಗ ರಾಡ್ ತಗೊಂಡು ಟಣ್ ಟಣ್ ಬಡದು ಸರಿ ಐತಿ ಅಣ್ಣಾ ಅಂತಾನ. ಪೂರ್ತಿ ಪಂಕ್ಚರ್ ಆಗಿದ್ರ ಸೌಂಡಿನ್ಯಾಗ ತಿಳೀತೈತಿ ಬಿಡ್ರಿ, ಆದ್ರ ಹವಾ ನೂರು ಪಿಎಸ್ಐ (ಹವಾದ ಒತ್ತಡ ಅಳೆಯೋ ಲೆಕ್ಕ) ಬೇಕಾದಲ್ಲಿ 80 ಇದ್ರ ತಿಳಿಯಂಗಿಲ್ಲ, ಮತ್ತ 80 ಅಂದ್ರ ಅದು ಪಂಕ್ಚರ್ ಲೆಕ್ಕನೇ. ಗೇಜ್ ಇಟ್ಟು ನೋಡ್ರಿ, ಮುಂಜಾನೆ ಗಾಡಿ ತೆಗಿಯೋಕಿಂತ ಮೊದ್ಲು, ಟೈರ್ ತಣ್ಣಗಿದ್ದಾಗ.

ಬ್ಯಾಸಿಗ್ಯಾಗ ಹವಾ ಜಾಸ್ತಿ ಆಗಿ ಟೈರ್ ಒಡೀತೈತಿ ಅಂತ ಮಧ್ಯಾಹ್ನ ಬಿಸಿ ಟೈರಿಂದ ಹವಾ ಬಿಡೋರು ಅದಾರ, ಅದು ತಪ್ಪು. ಹವಾ ಕಮ್ಮಿ ಇದ್ದ ಟೈರೇ ಮಗ್ಗಲಿಗೆ ಉಬ್ಬಿ ಬಾಗಿ ಬಾಗಿ ಒಳಗ ಕಾಯೋದು, ಅದರ ಮ್ಯಾಲೆ ಓವರ್‌ಲೋಡು, ಕೆಳಗ ಕೊಪ್ಪಳ ರಾಯಚೂರಿನ 40 ಡಿಗ್ರಿ ದಾಟಿದ ಬಿಸಿಲಿಗೆ ಕಾದ ಡಾಂಬರು. 10 ಚಕ್ರದ ಲಾರಿಗೆ ಲೋಡ್ ಸೇರಿ 25 ಟನ್ ಇದ್ದದ್ದನ್ನ 2018ರಾಗ 28.5 ಮಾಡಿದ್ರು, ಅದರ ಮ್ಯಾಲೂ ಹಾಕೋರು ಹಾಕ್ತಾನ ಅದಾರ.

ನಮ್ಮ ಕಡೆ ಇನ್ನೊಂದು ಐತಿ, ಭತ್ತ. ಸುಗ್ಗಿ ಬಂದ್ರ ಅರ್ಧ ರೋಡಿಗೆ ಭತ್ತ ಹರವಿ ಸುತ್ತ ಕಲ್ಲು ಇಡ್ತಾರ. ರೈತ್ರಿಗೆ ಬೈಯಾಕ ಮನಸಾಗಂಗಿಲ್ಲ, ಕಣ ಇಲ್ಲ ಅವರಿಗೆ, ಆದ್ರ ಭತ್ತ ತುಂಬಿಕೊಂಡು ಹೋದಮ್ಯಾಲೆ ಕಲ್ಲು ಅಲ್ಲೇ ಬಿಡ್ತಾರ, ರಾತ್ರಿ ಕಾಣಂಗಿಲ್ಲ, ಮಗ್ಗಲು ಸೀಳಿದ್ರ ಪ್ಯಾಚೂ ಹತ್ತಂಗಿಲ್ಲ. ಜೋಡಿ ಟೈರಿನ ನಡುವ ಸಿಕ್ಕೊಂಡ್ರ ಇನ್ನೂ ಕೆಟ್ಟದ್ದು. ನಮ್ಮವ್ರೇನು ಕಮ್ಮಿ ಇಲ್ಲ, ಕೆಟ್ಟ ಗಾಡಿ ಹಿಂದ ಕಲ್ಲು, ಜಾಲಿ ಟೊಂಗಿ ಇಟ್ಟು, ಸ್ಟೆಪ್ನಿ ಹಾಕಿ ಹಂಗ ಹೊಂಟಬಿಡ್ತಾರ. ತ್ರಿಕೋನದ ರಿಫ್ಲೆಕ್ಟರ್ ಇಟ್ಕೊಳ್ರಿ ಅಂದ್ರ ನಗ್ತಾರ.

ಓನರ್ ಮುಂದಿನ ಗಾಲಿಗೆ ರಿಸೋಲ್ ಹಾಕು ಅಂದ್ರ ಒಪ್ಪಬ್ಯಾಡ್ರಿ. ಟೈರಿನ ಮಗ್ಗಲಿಗೆ ನಾಕು ಅಂಕಿ ಇರತಾವು ನೋಡ್ರಿ, 2319 ಅಂದ್ರ 2019ರ 23ನೇ ವಾರ ತಯಾರಾದದ್ದು. ನಮ್ಮ ಓನರ್ ಹೊಸಾದು ಅಂತ ತಂದಿದ್ದಕ್ಕ ನಾ ಆ ಅಂಕಿ ಓದಿ ಇದು ಹಳೇದು ಅಂತ ಹೇಳಿದೆ, ಅವ್ರ ಮಾರಿ ನೋಡಬೇಕಿತ್ತು, ವಾಪಸ್ ಕೊಟ್ಟು ಬ್ಯಾರೆ ತಂದ್ರು.